ಕಂಪ್ಯೂಟರ್ ದೂರಕ್ಕೆಂದೇ ಮಾಡಿಸಿದ ಕನ್ನಡಕ: ಬಳಸಿದ ಮೇಲಿನ ಅಭಿಪ್ರಾಯ

ನಲವತ್ತು ದಾಟಿದವರು ಓದುವ ಕನ್ನಡಕವನ್ನೇ ಹಾಕಿಕೊಂಡು ದಿನವಿಡೀ ಕಂಪ್ಯೂಟರ್ ಮುಂದೆ ಕೂತರೆ ಸಂಜೆಗೆ ಹಣೆ ಭಾರವಾಗಿ, ಕಣ್ಣು ಉರಿದು, ಕತ್ತು ಹಿಡಿದುಕೊಳ್ಳುವುದಕ್ಕೆ ಮುಖ್ಯ ಕಾರಣ ದೂರದ ಲೆಕ್ಕ ತಪ್ಪುವುದು. ದೂರದೃಷ್ಟಿ ಸರಿಯಿರುವವರಿಗೆ +2.00 ಪವರಿನ ಕನ್ನಡಕದಲ್ಲಿ 50 ಸೆಂಟಿಮೀಟರ್‌ವರೆಗೆ ಮಾತ್ರ ಸ್ಪಷ್ಟವಾಗಿ ಕಾಣುತ್ತದೆ; ಮೇಜಿನ ಮೇಲಿನ ಪರದೆ ಸಾಮಾನ್ಯವಾಗಿ ಅದಕ್ಕಿಂತ ಆಚೆಗಿರುವುದರಿಂದ ಅಕ್ಷರ ಮಸುಕಾಗಿ, ನಾವು ಅರಿವಿಲ್ಲದೆಯೇ ಮುಂದಕ್ಕೆ ಬಾಗುತ್ತೇವೆ. ಮೇಲಿನಿಂದ ಕೆಳಕ್ಕೆ ಪವರ್ ಹಂತಹಂತವಾಗಿ ಬದಲಾಗುವ ಪ್ರೋಗ್ರೆಸಿವ್ ಲೆನ್ಸಿನಲ್ಲಿ ಈ ನಡುವಣ ದೂರಕ್ಕೆ ಸಿಗುವುದು ಕಿರಿದಾದ ಒಂದು ಪಟ್ಟಿ ಮಾತ್ರ, ಅದನ್ನು ಹುಡುಕಲು ಗದ್ದ ಎತ್ತಿಯೇ ಕೂರಬೇಕು.

ಬಡಾವಣೆಯ ಕನ್ನಡಕದಂಗಡಿಯ ದೃಷ್ಟಿತಜ್ಞೆ ನಾನು ಕೆಲಸ ಮಾಡುವ ದೂರವನ್ನು ಕೇಳಿ, ಇಡೀ ಲೆನ್ಸಿಗೆ +1.25 ಪವರನ್ನೇ ಬರೆದುಕೊಟ್ಟರು. ಇದರಲ್ಲಿ 80 ಸೆಂಟಿಮೀಟರ್‌ವರೆಗೆ ತಿಳಿಯಾಗಿ ಕಾಣುತ್ತದೆ, ಅದಕ್ಕಿಂತ ಹತ್ತಿರದ ಪರದೆಗೆ ನೋಟವನ್ನು ಹತ್ತಿರಕ್ಕೆ ಹೊಂದಿಸುವ ಕಣ್ಣಿನ ಸಿಲಿಯರಿ ಸ್ನಾಯು ತುಸುವೇ ಬಿಗಿದರೆ ಸಾಕು. ಪರದೆಯ ಅಂಚಿನಿಂದ ಅಂಚಿಗೆ ತಲೆ ಅಲುಗಿಸದೆ ಓದಬಹುದಾದ್ದರಿಂದ ನನ್ನ ಕತ್ತುನೋವು ಬಹುತೇಕ ಹೋಗಿದೆ. ಈ ಒಂದು ಕಾರಣಕ್ಕಾಗಿಯೇ ಇದನ್ನು ಮನಸಾರೆ ಶಿಫಾರಸು ಮಾಡುತ್ತೇನೆ. ಆದರೆ ಇದನ್ನು ಹಾಕಿಕೊಂಡು ವಾಹನ ಓಡಿಸುವಂತಿಲ್ಲ, ಸಣ್ಣ ಅಕ್ಷರದ ಔಷಧಿ ಚೀಟಿ ಓದಲು ಹಳೆಯ ಕನ್ನಡಕವೇ ಬೇಕು.

ಅದೇ ಅಂಗಡಿಯ ಮಾರಾಟಗಾರರು ನೀಲಿ ಬೆಳಕು ತಡೆಯುವ ಲೇಪನಕ್ಕೆ ಹೆಚ್ಚಿನ ಹಣ ಕೇಳಿದ್ದು ಮಾತ್ರ ನನಗೆ ಸರಿಯೆನಿಸಲಿಲ್ಲ, ಏಕೆಂದರೆ ಪರದೆಯಿಂದ ಬರುವ ನೀಲಿ ಬೆಳಕು ಹಗಲಿನ ಬೆಳಕಿನ ಮುಂದೆ ತೀರಾ ಅಲ್ಪ. 17 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ ವೈದ್ಯಕೀಯ ಸಂಶೋಧನೆಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ 2023ರ ವಿಮರ್ಶೆಯೂ ಇಂಥ ಲೆನ್ಸುಗಳು ಸಾಮಾನ್ಯ ಲೆನ್ಸಿಗಿಂತ ಕಣ್ಣಿನ ಆಯಾಸವನ್ನು ಅಲ್ಪಾವಧಿಯಲ್ಲಿ ಹೆಚ್ಚು ತಗ್ಗಿಸಲಾರವೆಂದೇ ಅಭಿಪ್ರಾಯಪಟ್ಟಿದೆ; ಅಮೆರಿಕದ ನೇತ್ರತಜ್ಞರ ಅಕಾಡೆಮಿಯೂ ಇವನ್ನು ಶಿಫಾರಸು ಮಾಡುವುದಿಲ್ಲ. ದೀಪದ ಪ್ರತಿಫಲನ ತಡೆಯುವ ಲೇಪನವನ್ನು ನಾನು ಹಾಕಿಸಿಕೊಂಡೆ, ಅದು ಉಪಯುಕ್ತ.

ಕಣ್ಣುರಿಯನ್ನು ಮಾತ್ರ ಈ ಕನ್ನಡಕ ಪೂರ್ತಿ ಕಳೆಯಲಿಲ್ಲ, ಯಾವ ಲೆನ್ಸೂ ಕಳೆಯಲಾರದು. ನಿಮಿಷಕ್ಕೆ ಸುಮಾರು 15 ಬಾರಿ ಮಿಟುಕುವ ರೆಪ್ಪೆ, ಪರದೆಯನ್ನೇ ದಿಟ್ಟಿಸುವಾಗ ಬಹಳ ಕಡಿಮೆ ಮಿಟುಕುತ್ತದೆ, ಎಷ್ಟೋ ಸಲ ಅರ್ಧಕ್ಕೇ ನಿಲ್ಲುತ್ತದೆ, ಕಣ್ಣೀರಿನ ಪದರ ಒಣಗುತ್ತದೆ. ಪರದೆಯನ್ನು ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗಿಟ್ಟರೆ ಕಣ್ಣು ಅಷ್ಟು ಅಗಲವಾಗಿ ತೆರೆದಿರುವುದಿಲ್ಲ. ಪ್ರತಿ 20 ನಿಮಿಷಕ್ಕೊಮ್ಮೆ 20 ಅಡಿ ಆಚೆಯದನ್ನು 20 ಸೆಕೆಂಡು ನೋಡುವುದರಿಂದ ಸ್ನಾಯುವಿಗೂ ಬಿಡುವು ಸಿಗುತ್ತದೆ.

ಇಂಥ ಕನ್ನಡಕ ಮಾಡಿಸುವವರು ಮೊದಲೇ ತಮ್ಮ ಕುರ್ಚಿಯಲ್ಲಿ ಎಂದಿನಂತೆ ಕೂತು, ಕಣ್ಣಿನಿಂದ ಪರದೆಗಿರುವ ದೂರವನ್ನು ಟೇಪಿನಲ್ಲಿ ಅಳೆಸಿಕೊಂಡು ಹೋಗುವುದು ಒಳ್ಳೆಯದು. ಆ ದೂರವನ್ನು ಕೇಳದೆಯೇ ಪವರ್ ಬರೆದುಕೊಡುವ ಅಂಗಡಿಯಲ್ಲಿ ಇದನ್ನು ಮಾಡಿಸಬೇಡಿ.