ಪಿಕಪ್‌ಗೆ ಸ್ಪೇಸರ್ ಹಾಕಿಸುವ ಮುಂಚೆ ಇದನ್ನೊಮ್ಮೆ ಓದಿ

ಜುಲೈ ತಿಂಗಳ ಮಳೆ. ಮೂಡಿಗೆರೆ ಕಡೆಯ ನಮ್ಮ ತೋಟದ ಏರು ದಾರಿ. ಗಾಡಿ ಫೋರ್ ಲೋದಲ್ಲಿತ್ತು (ನಾಲ್ಕೂ ಚಕ್ರ ಎಳೆಯುವ ನಿಧಾನದ ಗೇರ್), ಹಿಂದೆ ಮೂರು ಮೂಟೆ ಗೊಬ್ಬರ. ಏರಿನ ಅರ್ಧಕ್ಕೆ ಬಂದಾಗ ಮುಂದಿನ ಎಡ ಚಕ್ರದ ಹತ್ತಿರ ಟಕ್ ಅಂತ ಜೋರಾದ ಸದ್ದು. ಮುಂದಿನ ಚಕ್ರಗಳ ಎಳೆತ ನಿಂತೇ ಹೋಯಿತು. ಹಿಂದಿನ ಚಕ್ರ ಕೆಸರಲ್ಲಿ ಸುಮ್ನೆ ಸುತ್ತತೊಡಗಿತು. ಬ್ರೇಕ್ ತುಳಿದರೂ ಗಾಡಿ ಹಿಂದಕ್ಕೆ ಜಾರಿತು. ಹಿಂದೆ ನಡೆದು ಬರುತ್ತಿದ್ದ ಇಬ್ಬರು ಕೆಲಸದವರು ಕಾಫಿ ಗಿಡಗಳ ನಡುವೆ ಹಾರಿಕೊಂಡರು. ಗಾಡಿ ಒಂದು ಸಿಲ್ವರ್ ಓಕ್ ಮರಕ್ಕೆ ಬಡಿದು ನಿಂತಿತು.

ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಇಬ್ಬರು ಒಂದು ಕ್ಷಣ ತಡ ಮಾಡಿದ್ದರೆ? ಅದನ್ನು ನೆನೆಸಿಕೊಂಡರೆ ಈಗಲೂ ಎದೆ ಝಲ್ ಅನ್ನುತ್ತದೆ. ಗಾಡಿ ಎತ್ತರಿಸಲು ಸ್ಪೇಸರ್ ಅನ್ನುವ ಬಿಲ್ಲೆ ಹಾಕಿಸಿದ್ದರಿಂದ ಆದದ್ದು ಇದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನದು 2017ರ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್. 2.5 ಲೀಟರ್ ಡೀಸೆಲ್, 134 ಎಚ್‌ಪಿ, 320 ಎನ್‌ಎಂ ಟಾರ್ಕ್. ಮುಂದೆ ಡಬಲ್ ವಿಶ್‌ಬೋನ್ (ಚಕ್ರ ಹಿಡಿಯುವ ಮೇಲೊಂದು, ಕೆಳಗೊಂದು ಆರ್ಮ್) ಮತ್ತು ಕಾಯಿಲ್ ಸ್ಪ್ರಿಂಗ್, ಹಿಂದೆ ಲೀಫ್ ಪಟ್ಟಿ. ಗಾಡಿಯದ್ದು ಏನೂ ತಪ್ಪಿಲ್ಲ. ಮೂರು ಮಳೆಗಾಲ ಅದೇ ಏರನ್ನು ಒಂದು ತಕರಾರೂ ಇಲ್ಲದೆ ಹತ್ತಿತ್ತು. ತಪ್ಪು ಶುರುವಾದದ್ದು ನನ್ನ ಆಸೆಯಿಂದ.

ಫೋರ್ಡ್ ರೇಂಜರ್ ರಾಪ್ಟರ್ ವಿಡಿಯೋಗಳನ್ನು ನೀವೂ ನೋಡಿರುತ್ತೀರಿ. ಮರಳು ದಿಬ್ಬದ ಮೇಲಿಂದ ಹಾರಿ ಮೆತ್ತಗೆ ಇಳಿಯುತ್ತದೆ, ಅಲ್ವಾ? ನಮ್ಮಲ್ಲಿ ಅದು ಮಾರಾಟಕ್ಕಿಲ್ಲ. ನಮ್ಮ ಗಾಡಿಯನ್ನೇ ಹಾಗೆ ಮಾಡೋಣ ಅಂತ ಹೊರಟೆ. ಆ ಗಾಡಿ ಎತ್ತರ ಇರುವುದರಿಂದ ಹಾಗೆ ಓಡುತ್ತದೆ ಎಂದು ನಂಬಿದ್ದೆ. ವಿಷಯ ಬೇರೆಯೇ ಇದೆ. ಅದಕ್ಕೆ ಸಾಮಾನ್ಯ ರೇಂಜರಿನ ಲೀಫ್ ಪಟ್ಟಿ ತೆಗೆದು ಹಿಂದೆಯೂ ಕಾಯಿಲ್ ಸ್ಪ್ರಿಂಗ್ ಕೊಟ್ಟಿದ್ದಾರೆ, ಜೊತೆಗೆ ಹಿಂದಿನ ಆಕ್ಸಲ್ ಅಕ್ಕಪಕ್ಕ ಸರಿಯದಂತೆ ಹಿಡಿಯುವ ವಾಟ್ಸ್ ಲಿಂಕ್. ಫಾಕ್ಸ್ ಕಂಪನಿಯ ದಪ್ಪ 2.5 ಇಂಚಿನ ಶಾಕ್‌ಗಳು, ಬೇರೆ ಕಂಟ್ರೋಲ್ ಆರ್ಮ್‌ಗಳು, ಬಲಪಡಿಸಿದ ಚಾಸಿ. 2022ರ ಮಾದರಿಗೆ 3.0 ಲೀಟರ್ ಟ್ವಿನ್ ಟರ್ಬೊ ವಿ6 ಪೆಟ್ರೋಲ್ ಎಂಜಿನ್. ಆಸ್ಟ್ರೇಲಿಯಾದ ಗಾಡಿಯಲ್ಲಿ ಅದು 583 ಎನ್‌ಎಂ ಕೊಡುತ್ತದೆ. ಇದೆಲ್ಲ ಒಂದಕ್ಕೊಂದು ಹೊಂದುವ ಹಾಗೆ ಒಟ್ಟಿಗೇ ಲೆಕ್ಕ ಹಾಕಿ ಮಾಡಿದ್ದು.

ನಾನು ಹೋದ ಗ್ಯಾರೇಜಿನಲ್ಲಿ ಕೊಟ್ಟದ್ದು ಎರಡು ಸ್ಪೇಸರ್. ಅಂಗೈಯಲ್ಲಿ ಹಿಡಿಯುವಷ್ಟು ಅಗಲದ, ಒಂದು ಇಂಚು ದಪ್ಪದ ಅಲ್ಯೂಮಿನಿಯಂ ಬಿಲ್ಲೆ. ಮುಂದಿನ ಸ್ಟ್ರಟ್ಟಿನ (ಸ್ಪ್ರಿಂಗ್, ಶಾಕ್ ಎರಡೂ ಒಟ್ಟಿಗಿರುವ ಜೋಡಣೆ) ತಲೆಯ ಮೇಲೆ ಕೂರಿಸಿದರು. ಹಿಂದೆ ಉದ್ದನೆಯ ಶ್ಯಾಕಲ್, ಅಂದರೆ ಲೀಫ್ ಪಟ್ಟಿಯ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿ. ಸಂಜೆಯೊಳಗೆ ಗಾಡಿ ಎರಡು ಇಂಚು ಎತ್ತರ. ನೋಡಲು ಬಹಳ ಚೆನ್ನಾಗಿತ್ತು.

ಒಂದು ಇಂಚಿನ ಬಿಲ್ಲೆಗೆ ಎರಡು ಇಂಚು ಹೇಗೆ ಏರಿತು? ಸ್ಟ್ರಟ್ ಕೂರುವುದು ಕೆಳಗಿನ ಆರ್ಮಿನ ನಡುಭಾಗದಲ್ಲಿ, ಚಕ್ರ ಇರುವುದು ತುದಿಯಲ್ಲಿ. ನಡುವೆ ಒಂದು ಇಂಚು ತಳ್ಳಿದರೆ ತುದಿ ಸುಮಾರು ಎರಡು ಇಂಚು ಇಳಿಯುತ್ತದೆ. ಎಡವಟ್ಟು ಇರುವುದೂ ಇಲ್ಲೇ. ಸ್ಪ್ರಿಂಗ್ ಅದೇ, ಶಾಕ್ ಅದೇ. ಸಸ್ಪೆನ್ಷನ್ ಓಡಾಡುವ ಜಾಗ ಒಂದು ಚೂರೂ ಜಾಸ್ತಿ ಆಗಲಿಲ್ಲ. ಬದಲಿಗೆ ಚಕ್ರ ಹಳ್ಳಕ್ಕೆ ಇಳಿದಾಗ ಕಂಪನಿ ಯೋಚಿಸಿರದಷ್ಟು ಕೆಳಕ್ಕೆ ಜೋತುಬೀಳುತ್ತದೆ. ಆಗ ಆಕ್ಸಲ್ ತುದಿಯ ಸಿವಿ ಜಾಯಿಂಟ್, ಅಂದರೆ ಬಾಗಿದ್ದರೂ ಚಕ್ರಕ್ಕೆ ಶಕ್ತಿ ದಾಟಿಸುವ ಕೀಲು, ವಿಪರೀತ ಬಾಗುತ್ತದೆ. ಮೇಲಿನ ಆರ್ಮ್ ಹೋಗಿ ಸ್ಪ್ರಿಂಗಿಗೆ ತಾಗುತ್ತದೆ. ಗುಂಡಿ ಇಳಿದಾಗೆಲ್ಲ ನನಗೆ ಕೇಳುತ್ತಿದ್ದ ಟುಕ್ ಟುಕ್ ಸದ್ದು ಅದೇ. ಮೇಲಕ್ಕೆ ಒತ್ತಿದಾಗಲೂ ಕಷ್ಟ: ಸ್ಟ್ರಟ್ ಉದ್ದವಾದ ಹಾಗಾಯಿತಲ್ಲ, ಬಂಪ್ ಸ್ಟಾಪ್ (ಚಕ್ರ ಮಿತಿಮೀರಿ ಮೇಲೇರದಂತೆ ತಡೆಯುವ ರಬ್ಬರ್) ಮುಟ್ಟುವ ಮೊದಲೇ ಶಾಕ್ ಒಳಗೇ ತಳ ಬಡಿಯಬಹುದು.

ಗ್ಯಾರೇಜಿನವರಿಗೆ ಸದ್ದಿನ ಬಗ್ಗೆ ಹೇಳಿದೆ. "ಹೊಸದರಲ್ಲಿ ಹಾಗೇ ಸರ್, ಸೆಟ್ ಆಗುತ್ತೆ" ಅಂದರು. ನಂಬಿಬಿಟ್ಟೆ.

ಎತ್ತರ ಆದಮೇಲೆ ಟೈರ್ ಚಿಕ್ಕದಾಗಿ ಕಂಡಿತು. 285/70 ಆರ್17 ಅಳತೆಯ ದೊಡ್ಡ ಟೈರ್ ಹಾಕಿಸಿದೆ. ಕಂಪನಿ ಟೈರಿನ ವ್ಯಾಸ ಸುಮಾರು 763 ಮಿಲಿಮೀಟರ್, ಇದರದ್ದು 831. ಅಂದರೆ ಪ್ರತಿ ಗೇರೂ ಸುಮಾರು 9 ಪರ್ಸೆಂಟ್ ಭಾರ. ಮೀಟರ್ 80 ತೋರಿಸಿದಾಗ ನಿಜವಾದ ವೇಗ 87. ಜೊತೆಗೆ ಟೈರಿನ ತೂಕ ಬೇರೆ. ಏರಿನಲ್ಲಿ ಗಾಡಿ ಏದುಸಿರು ಬಿಡತೊಡಗಿತು. ಪವರ್ ಸಾಲದು ಅನ್ನಿಸಿತು. ಹೋಗಿ ಇಸಿಯು ರೀಮ್ಯಾಪ್ ಮಾಡಿಸಿದೆ, ಅಂದರೆ ಪವರ್ ಜಾಸ್ತಿ ಬರುವ ಹಾಗೆ ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿದೆ.

ಮೊದಲ ವಾರ ಖುಷಿಯೋ ಖುಷಿ. ಆಮೇಲೆ ಆಕ್ಸಿಲರೇಟರ್ ಒತ್ತಿದರೆ ಹಿಂದೆ ಕಪ್ಪು ಹೊಗೆ. ಡೀಸೆಲ್ ಜಾಸ್ತಿ, ಅದನ್ನು ಪೂರ್ತಿ ಉರಿಸುವಷ್ಟು ಗಾಳಿ ಇಲ್ಲ ಅಂತ ಅರ್ಥ. ಹೀಗಾದಾಗ ಎಕ್ಸಾಸ್ಟ್ ಬಿಸಿ ಏರುತ್ತದೆ. ಪೆಟ್ಟು ತಿನ್ನುವುದು ಟರ್ಬೊ ಮತ್ತು ಪಿಸ್ಟನ್. ಆ ಬಿಸಿ ತೋರಿಸುವ ಮೀಟರ್ ಡ್ಯಾಶ್‌ಬೋರ್ಡಿನಲ್ಲಿ ಇರುವುದಿಲ್ಲ. ನನ್ನ ಟರ್ಬೊ ಉಳಿಯಿತು, ಕ್ಲಚ್ ಉಳಿಯಲಿಲ್ಲ. ನಾಲ್ಕೇ ತಿಂಗಳಿಗೆ ಚಾರ್ಮಾಡಿ ಘಾಟಿಯಲ್ಲಿ ಕೊಟ್ಟಿಗೆಹಾರದ ಕಡೆಗೆ ಹತ್ತುವಾಗ ಆರ್‌ಪಿಎಂ ಮಾತ್ರ ಏರುತ್ತಿತ್ತು, ವೇಗ ಏರುತ್ತಿರಲಿಲ್ಲ. ಕ್ಲಚ್ ಸುಟ್ಟ ವಾಸನೆ ಕ್ಯಾಬಿನ್ ತುಂಬ. ಬಿಎಸ್6 ಹೊಗೆ ನಿಯಮ ಬಂದ ಮೇಲಿನ 1.9 ಲೀಟರ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಬೇರೆ ಇದೆ. ಇಂಥ ಮಸಿ ಅದರೊಳಗೆ ಹೋಗಿ ಕೂರುತ್ತದೆ. ಆ ಗಾಡಿ ಇರುವವರು ಇನ್ನೂ ಹುಷಾರಾಗಿರಿ.

ಮತ್ತೆ ಆ ಏರಿನ ವಿಷಯಕ್ಕೆ ಬರುತ್ತೇನೆ. ಗಾಡಿಯನ್ನು ಎಳೆಸಿಕೊಂಡು ಹೋಗಿ, ಬೇರೆ ಊರಿನ ಹಳೆಯ ಮೆಕ್ಯಾನಿಕ್ ಒಬ್ಬರ ಹತ್ತಿರ ಬಿಚ್ಚಿಸಿದೆ. ಅವರು ಮೊದಲು ತೋರಿಸಿದ್ದು ಚಕ್ರದ ಒಳಮೈ. ಎಡಗಡೆ ಪೂರ್ತಿ ಕಪ್ಪು ಗ್ರೀಸು ಎರಚಿತ್ತು. ಸಿವಿ ಜಾಯಿಂಟಿನ ರಬ್ಬರ್ ಬೂಟಿನ ಮಡಿಕೆಗಳು ಒಂದಕ್ಕೊಂದು ಉಜ್ಜಿ ಸೀಳಿದ್ದವು. ಒಳಗೆ ಕೈ ಹಾಕಿ ಒಂದು ಹಿಡಿ ತೆಗೆದರು. ಗ್ರೀಸಲ್ಲ, ಕೆಂಪು ಕೆಸರು. ಆ ಕೆಸರಲ್ಲೇ ಜಾಯಿಂಟ್ ಎಷ್ಟೋ ವಾರ ಓಡಿದೆ. ಮುಂದಿನ ಎರಡು ಚಕ್ರಕ್ಕೆ ಶಕ್ತಿ ಹಂಚುವುದು ಓಪನ್ ಡಿಫರೆನ್ಷಿಯಲ್, ಸುಲಭವಾಗಿ ಸುತ್ತುವ ಕಡೆಗೇ ಅದು ತಿರುಗಿಬಿಡುತ್ತದೆ. ಹಾಗಾಗಿ ಒಂದು ಕಡೆ ಜಾಯಿಂಟ್ ಮುರಿದರೆ ಇನ್ನೊಂದು ಚಕ್ರಕ್ಕೂ ಶಕ್ತಿ ಹೋಗುವುದಿಲ್ಲ. ಏರಿನಲ್ಲಿ ಆದದ್ದು ಇದೇ. ಹಿಂದೆ ಬ್ರೇಕಿನ ಹೋಸ್ ಕೂಡ ತಂತಿಯ ಹಾಗೆ ಬಿಗಿದಿತ್ತು. ಅದನ್ನು ನೋಡಿದಾಗ ನಿಜಕ್ಕೂ ಹೆದರಿದೆ.

ಇನ್ಶೂರೆನ್ಸ್ ಸಿಗಲಿಲ್ಲ. ಸರ್ವೇಯರ್ ಬಂದು ಟೈರ್, ಶ್ಯಾಕಲ್ ಎಲ್ಲದರ ಫೋಟೋ ತೆಗೆದರು. ಮಾರ್ಪಾಡು ಮಾಡಿದ್ದನ್ನು ಪಾಲಿಸಿಯಲ್ಲಿ ತಿಳಿಸಿರಲಿಲ್ಲ, ಕ್ಲೇಮ್ ತಿರಸ್ಕಾರವಾಯಿತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಇದನ್ನು ಗ್ಯಾರೇಜಿನಲ್ಲಿ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಈಗ ಸ್ಪೇಸರ್, ಶ್ಯಾಕಲ್ ಎಲ್ಲ ತೆಗೆಸಿದ್ದೇನೆ. ಎಂಜಿನ್‌ಗೆ ಕಂಪನಿ ಮ್ಯಾಪ್ ವಾಪಸ್. ಟೈರ್ ಮೂಲ ಅಳತೆಯದ್ದೇ, ಆದರೆ ಆಲ್ ಟೆರೇನ್. ನನ್ನ ಅನುಭವದಲ್ಲಿ ನಮ್ಮ ಕೆಸರಿಗೆ ಅತಿ ಹೆಚ್ಚು ಉಪಯೋಗ ಆದದ್ದು ಈ ಟೈರೇ. ಎತ್ತರ ಬೇಕೇಬೇಕು ಅನ್ನುವವರು ಸ್ಪ್ರಿಂಗ್, ಶಾಕ್, ಮೇಲಿನ ಆರ್ಮ್ ಮೂರೂ ಹೊಂದಿಕೊಂಡು ಬರುವ ಕಿಟ್ ಬಗ್ಗೆ ವಿಚಾರಿಸಿ, ಅದಕ್ಕೂ ಮೊದಲು ಆರ್‌ಟಿಒ ಮತ್ತು ಇನ್ಶೂರೆನ್ಸಿನವರನ್ನು ಕೇಳಿ. ಅಲೈನ್‌ಮೆಂಟ್ ಶೀಟ್ (ಚಕ್ರಗಳ ಕೋನದ ಅಳತೆ ಪಟ್ಟಿ) ಕೊಡದ ಗ್ಯಾರೇಜಿಗೆ ಹೋಗಬೇಡಿ. ಪವರ್ ಬೇಕಾದರೆ ಪವರ್ ಇರುವ ಗಾಡಿಯನ್ನೇ ತಗೊಳ್ಳಿ. ಇಲ್ಲಿ ಸಿಗುವ ಹೈಲಕ್ಸ್ 2.8 ಆಟೋಮ್ಯಾಟಿಕ್ ಕಂಪನಿಯಿಂದಲೇ 500 ಎನ್‌ಎಂ ಕೊಡುತ್ತದೆ, ಅದರ ಗೇರ್‌ಬಾಕ್ಸ್ ಅಷ್ಟನ್ನು ತಡೆಯುವ ಹಾಗೇ ಮಾಡಿದ್ದು.

ಈಗಾಗಲೇ ಸ್ಪೇಸರ್ ಹಾಕಿಸಿದ್ದರೆ ಇವತ್ತೇ ಒಂದು ಕೆಲಸ ಮಾಡಿ. ಸ್ಟಿಯರಿಂಗ್ ಒಂದು ಕಡೆಗೆ ಪೂರ್ತಿ ತಿರುಗಿಸಿ, ಎಂಜಿನ್ ಆಫ್ ಮಾಡಿ, ಮುಂದಿನ ಚಕ್ರದ ಹಿಂದೆ ಟಾರ್ಚ್ ಬಿಡಿ. ರಬ್ಬರ್ ಬೂಟಿನ ಸುತ್ತ ಬೆರಳು ಆಡಿಸಿ, ಮಡಿಕೆಯ ಒಳಗೂ. ಆಮೇಲೆ ಇನ್ನೊಂದು ಕಡೆ. ಬೆರಳಿಗೆ ಗ್ರೀಸು ಅಂಟಿದರೆ ಅದು ರಿಪೇರಿ ಆಗುವ ತನಕ ಆ ಗಾಡಿಯನ್ನು ಏರಿಗೆ ಒಯ್ಯಬೇಡಿ. ಹಿಂದೆ ಯಾರನ್ನೂ ನಡೆಯಲು ಬಿಡಬೇಡಿ.