ಕುಡ್ಲೆಯ ಗುಡಿಸಲೋ, ಕೋಡಿಬೆಂಗ್ರೆಯ ಹೆಂಚಿನ ಮನೆಯೋ?

ವಾರಾಂತ್ಯಕ್ಕೆ ಒಂದು ದಿನ ರಜೆ ಸೇರಿಸಿ ಮೈಸೂರಿನಿಂದ ಕಡಲಿಗೆ ಹೋಗಿ ಬರಬೇಕು, ರೆಸಾರ್ಟ್ ಬೇಡ, ಅಲೆಯ ಸದ್ದು ಕೇಳುವ ಒಂದು ಸಾದಾ ಮನೆ ಸಾಕು ಅನ್ನುವವರು ನಮ್ಮ ಬಳಗದಲ್ಲಿ ಬಹಳ ಜನ. ಕೊನೆಗೆ ಎಲ್ಲರ ಬಾಯಲ್ಲೂ ಬರುವುದು ಎರಡು ಹೆಸರು: ಗೋಕರ್ಣದ ಕುಡ್ಲೆ ಬೀಚಿನ ಗುಡಿಸಲು, ಇಲ್ಲವೇ ಉಡುಪಿ ಹತ್ತಿರದ ಮಲ್ಪೆಯ ಉತ್ತರಕ್ಕಿರುವ ಕೋಡಿಬೆಂಗ್ರೆಯ ಹೆಂಚಿನ ಮನೆ. ಎರಡರಲ್ಲೂ ಉಳಿದು ನೋಡಿದ್ದೇನೆ. ಕೈಯಲ್ಲಿ ಎರಡೇ ರಾತ್ರಿ ಇದ್ದರೆ ನನ್ನ ಓಟು ಕೋಡಿಬೆಂಗ್ರೆಗೆ.

ಮೊದಲ ಕಾರಣ ದಾರಿ. ಹುಣಸೂರು, ಮಡಿಕೇರಿ ದಾಟಿ, ಸಂಪಾಜೆ ಘಾಟಿ ಇಳಿದು ಮಂಗಳೂರು ಸೇರುವಷ್ಟರಲ್ಲಿ 250 ಕಿ.ಮೀ. ಆಗಿರುತ್ತದೆ. ಅಲ್ಲಿಂದ ಉಡುಪಿಗೆ ಸುಮಾರು 60. ಗೋಕರ್ಣಕ್ಕಾದರೆ ಉಡುಪಿ ಬಿಟ್ಟ ಮೇಲೂ ಇನ್ನು ಸುಮಾರು 180 ಕಿ.ಮೀ. ಕಾರಿನಲ್ಲೇ ಕೂರಬೇಕು. ನಸುಕಿಗೆ ಮೈಸೂರು ಬಿಟ್ಟರೆ ಕೋಡಿಬೆಂಗ್ರೆಯಲ್ಲಿ ಮಧ್ಯಾಹ್ನದ ಊಟ ಸಿಗುತ್ತದೆ. ಕುಡ್ಲೆ ತಲುಪುವಾಗ ಸಂಜೆ. ಆಮೇಲೆ ಗುಡ್ಡದ ಮೇಲೆ ಗಾಡಿ ಬಿಟ್ಟು, ಬ್ಯಾಗು ಹೊತ್ತು ಮೆಟ್ಟಿಲು ಇಳಿಯಬೇಕು. ಮಂಡಿನೋವಿನ ಅಮ್ಮನನ್ನು ಕರೆದುಕೊಂಡು ಹೋಗುವ ನನಗೆ ಇದು ಸಣ್ಣ ಮಾತಲ್ಲ.

ಹಾಗಂತ ಕುಡ್ಲೆಯ ಗುಡಿಸಲನ್ನು ಬೈಯಲಾರೆ. ತೆಂಗಿನ ಗರಿಯ ಸೂರು, ಒಂದು ಮಂಚ, ಸೊಳ್ಳೆಪರದೆ, ಫ್ಯಾನು. ಬಾಗಿಲು ತೆಗೆದರೆ ಮರಳು, ಮರಳು ದಾಟಿದರೆ ಕಡಲು. ಬೆಳಿಗ್ಗೆ ಗುಡ್ಡ ಹತ್ತಿ ಓಂ ಬೀಚಿಗೆ, ಅಲ್ಲಿಂದ ಹಾಫ್‌ಮೂನ್, ಪ್ಯಾರಡೈಸ್ ಕಡೆಗೆ ಹೋಗುವ ಕಾಲುದಾರಿಗೆ ಸಾಟಿಯಾದದ್ದು ಉಡುಪಿ ಕಡೆ ನನಗೆ ಸಿಕ್ಕಿಲ್ಲ. ನಾವಿದ್ದ ಗುಡಿಸಲಿನ ತೊಂದರೆಯೆಲ್ಲ ನೀರಿನದು. ಸ್ನಾನಕ್ಕೆ ಬಂದದ್ದು ಅರೆ ಉಪ್ಪು ನೀರು, ಸೋಪು ಉಜ್ಜಿದಷ್ಟೂ ನೊರೆಯೇ ಇಲ್ಲ, ತಲೆಗೂದಲು ಒಣಗಿದರೂ ಅಂಟಂಟು. ಪಕ್ಕದಲ್ಲಿ ತಡರಾತ್ರಿವರೆಗೆ ಹಾಡು. ಊಟದ ಮೆನುವಿನಲ್ಲಿ ಪಾಸ್ತಾ, ಪ್ಯಾನ್‌ಕೇಕ್ ಇತ್ತು, ಊರಿನ ಅಡುಗೆ ಹುಡುಕಿ ಪೇಟೆಗೇ ಹೋಗಬೇಕಾಯಿತು.

ಕೋಡಿಬೆಂಗ್ರೆ ಗೆದ್ದದ್ದು ಈ ಅಡುಗೆಮನೆಯಲ್ಲೇ. ಒಂದು ಮಗ್ಗುಲಿಗೆ ಸಮುದ್ರ, ಇನ್ನೊಂದಕ್ಕೆ ಸುವರ್ಣಾ ನದಿ, ನಡುವೆ ತೆಂಗಿನ ತೋಟದ ಕಿರಿದಾದ ಪಟ್ಟಿ. ಅತಿಥಿಗಳಿಗೆಂದು ಕಟ್ಟಿದ ಮನೆಯಲ್ಲ, ಮನೆಯವರೇ ಬಾಳುತ್ತಿರುವ ಮನೆಯ ಎರಡು ಕೋಣೆ ನಮಗೆ ಬಿಟ್ಟಿದ್ದರು. ಬಚ್ಚಲ ಒಲೆಗೆ ತೆಂಗಿನ ಸಿಪ್ಪೆ ತುರುಕಿ ಹಂಡೆ ಕಾಯಿಸುತ್ತಾರೆ. ಬಾವಿಯ ನೀರು ಸಿಹಿ. ಮನೆಯ ಅಕ್ಕ ಬೆಳಿಗ್ಗೆಯೇ ಬಂದು, "ಇವತ್ತು ಮರುವಾಯಿ ಸಿಕ್ಕಿದೆ, ಸುಕ್ಕ ಮಾಡ್ಲಾ ಮಾರಾಯ್ರೆ?" ಅಂತ ಕೇಳಿದರು. ಮರುವಾಯಿ ಅಂದರೆ ಕಪ್ಪೆಚಿಪ್ಪು, ಸುಕ್ಕ ಅಂದರೆ ಕಾಯಿತುರಿ ಹಾಕಿದ ಒಣ ಪಲ್ಯ. ಹಿತ್ತಲಲ್ಲಿ ಮೆಟ್ಟುಕತ್ತಿಯ, ಅಂದರೆ ಈಳಿಗೆಮಣೆಯ, ಮುಂದೆ ಕೂತು ಒಂದೊಂದೇ ಚಿಪ್ಪನ್ನು ಎರಡು ಹೋಳು ಮಾಡಿ, ಮಾಂಸ ಅಂಟಿದ ಹೋಳನ್ನು ಮಾತ್ರ ಪಾತ್ರೆಗೆ ಹಾಕುತ್ತಿದ್ದರು. ಚಿಪ್ಪಿನ ಸಮೇತ ಬೇಯಿಸಿದರೇ ಅದಕ್ಕೆ ರುಚಿಯಂತೆ. ನಮ್ಮಮ್ಮ ಮಂಡ್ಯದವರು, ಕೆರೆ ಮೀನು ಬಿಟ್ಟು ಬೇರೇನನ್ನೂ ನಂಬದವರು. ಹುರಿದ ಕಾಯಿತುರಿ ಮೆತ್ತಿಕೊಂಡ ಆ ಚಿಪ್ಪನ್ನು ಕಡಲೆಕಾಯಿ ಬಿಡಿಸಿದ ಹಾಗೆ ಒಂದೊಂದೇ ಬಿಡಿಸಿ ತಿಂದು, "ಕುಚ್ಚಲಕ್ಕಿ ಅನ್ನಾನೂ ಪರವಾಗಿಲ್ಲ ಕಣೋ" ಅಂದರು. ಅವರ ಬಾಯಲ್ಲಿ ಅದು ದೊಡ್ಡ ಮೆಚ್ಚುಗೆ.

ಕೊರತೆ ಇಲ್ಲೂ ಇದೆ. ಕರೆಂಟು ಹೋದರೆ ಹೆಂಚಿನ ಕೆಳಗೆ ಬೆವರು ಸುರಿಯುತ್ತದೆ. ಸಂಜೆ ಹೋಗಿ ಕೂರಲು ಕೆಫೆ ಗಿಫೆ ಇಲ್ಲ, ಹುಡುಗರ ಗುಂಪಿಗೆ ಬೇಜಾರಾದೀತು. ಅಳಿವೆ ಬಾಗಿಲಲ್ಲಿ, ಅಂದರೆ ನದಿ ಸಮುದ್ರ ಸೇರುವ ಜಾಗದಲ್ಲಿ, ಸೆಳೆತ ಜೋರು. ಮಕ್ಕಳನ್ನು ಅಲ್ಲಿ ನೀರಿಗೆ ಬಿಡಲೇಬೇಡಿ.

ಕಾಲದ ವಿಷಯದಲ್ಲಿ ಎರಡೂ ಒಂದೇ: ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಮಳೆಗಾಲದಲ್ಲಿ ಕುಡ್ಲೆಯ ಹಲವು ಗುಡಿಸಲುಗಳನ್ನು ಬಿಚ್ಚಿಡುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಹಾಗಾಗಿ ಕೋಡಿಬೆಂಗ್ರೆಯ ತಟ್ಟೆಯಲ್ಲೂ ಕಡಲ ಮೀನು ಕಮ್ಮಿ.

ಮೂರು ರಾತ್ರಿ ಸಿಕ್ಕಿ, ಜೊತೆಗೆ ಬರುವವರೆಲ್ಲ ಗುಡ್ಡ ಹತ್ತುವವರಾದರೆ ಕುಡ್ಲೆಗೇ ಹೋಗಿ. ಎಲ್ಲಿಗೆ ಹೋದರೂ ಅಡ್ವಾನ್ಸ್ ಕೊಡುವ ಮುಂಚೆ ಫೋನಿನಲ್ಲಿ ಮೂರು ವಿಷಯ ಕೇಳಿಕೊಳ್ಳಿ: ಸ್ನಾನದ ನೀರು ಸಿಹಿಯೋ ಉಪ್ಪೋ, ಬಚ್ಚಲು ಕೋಣೆಗೆ ಸೇರಿದೆಯೋ ಹೊರಗೋ, ಗಾಡಿ ಎಲ್ಲಿಯವರೆಗೆ ಬರುತ್ತದೆ.