ಸಿಸ್ಟರ್ ಪೀಟರ್ಸ್ ಇನ್ ಆಮ್‌ಸ್ಟರ್‌ಡಾಮ್: ದುಡಿಯುವ ನಾಯಕಿ, ಮನಸ್ಸು ಬಿಚ್ಚದ ನಾಯಕ

ಬೆಟ್ಟಿ ನೀಲ್ಸ್ ಅವರ ‘ಸಿಸ್ಟರ್ ಪೀಟರ್ಸ್ ಇನ್ ಆಮ್‌ಸ್ಟರ್‌ಡಾಮ್’ 1969ರಲ್ಲಿ ಬ್ರಿಟನ್ನಿನ ಪ್ರಕಾಶನ ಸಂಸ್ಥೆ ಮಿಲ್ಸ್ ಅಂಡ್ ಬೂನ್ ಹೊರತಂದ ಇಂಗ್ಲಿಷ್ ಪ್ರೇಮಕಾದಂಬರಿ. ಬೆಂಗಳೂರಿನ ಸರ್ಕ್ಯುಲೇಟಿಂಗ್ ಲೈಬ್ರರಿಗಳಿಂದ ಇಂಥ ಪುಸ್ತಕಗಳನ್ನು ಬಾಡಿಗೆಗೆ ತಂದು ಓದಿದವರಿಗೆ ಇದರ ಜಾಡು ಹೊಸದೇನಲ್ಲ. ಈಗ ಇದು ಇ-ಪುಸ್ತಕವಾಗಿ ಸಿಗುತ್ತಿರುವುದರಿಂದ, ಇಂದಿನ ಓದುಗರಿಗೆ ಇದರಲ್ಲಿ ಏನು ಉಳಿದಿದೆ ಎಂದು ನೋಡುವುದು ಉಚಿತವೆನಿಸಿತು.

ಇಂಗ್ಲೆಂಡಿನ ನರ್ಸ್ ಅಡಿಲೇಡ್ ಪೀಟರ್ಸ್ ಒಂದು ವರ್ಷದ ಮಟ್ಟಿಗೆ ಆಮ್‌ಸ್ಟರ್‌ಡಾಮಿನ ಆಸ್ಪತ್ರೆಗೆ ಕೆಲಸಕ್ಕೆ ಬರುತ್ತಾಳೆ. ಅಲ್ಲಿನ ಪ್ರೊಫೆಸರ್ ಕೂನ್‌ರಾಡ್ ಫಾನ್ ಎಸ್ಸೆನ್‌ನಲ್ಲಿ ಅವಳ ಮನಸ್ಸು ನೆಡುತ್ತದೆ. ಕಥೆ ಇಷ್ಟೇ, ಮುಕ್ತಾಯವೂ ಮೊದಲೇ ಗೊತ್ತಿರುವಂಥದ್ದೇ.

ಪುಸ್ತಕದ ನಿಜವಾದ ಬಲ ಇರುವುದು ಆಸ್ಪತ್ರೆಯ ಚಿತ್ರಣದಲ್ಲಿ. ನೀಲ್ಸ್ ಸ್ವತಃ ನರ್ಸ್ ಆಗಿದ್ದವರು, ಡಚ್ ವ್ಯಕ್ತಿಯನ್ನು ಮದುವೆಯಾಗಿ ನೆದರ್ಲೆಂಡ್ಸ್‌ನಲ್ಲಿ ಬದುಕಿದವರು, ವೃತ್ತಿಯಿಂದ ನಿವೃತ್ತರಾದ ಮೇಲೆ ಬರೆಯಲು ತೊಡಗಿ 2001ರಲ್ಲಿ ತೀರಿಕೊಳ್ಳುವ ಹೊತ್ತಿಗೆ ನೂರಮೂವತ್ತಕ್ಕೂ ಹೆಚ್ಚು ಕಾದಂಬರಿಗಳನ್ನು ಕೊಟ್ಟವರು. ಆ ಅನುಭವದಿಂದಾಗಿಯೇ ಅಡಿಲೇಡಳ ದುಡಿಮೆ ಬರಿಯ ಹಿನ್ನೆಲೆಯಾಗಿ ಉಳಿಯದೆ ಅವಳ ವ್ಯಕ್ತಿತ್ವವೇ ಆಗುತ್ತದೆ. ಪರಭಾಷೆಯ ನಡುವೆ ಎದೆಗುಂದದೆ ಕೆಲಸ ನಿಭಾಯಿಸುವ ಈ ಹೆಣ್ಣನ್ನು ಲೇಖಕಿ ಗೌರವದಿಂದ ಕಾಣುತ್ತಾರೆ. ಆ ಗೌರವ ನನ್ನನ್ನು ಇಂದಿಗೂ ಮುಟ್ಟುತ್ತದೆ.

ಆದರೆ ನಾಯಕನ ವಿಷಯದಲ್ಲಿ ನನ್ನ ತಕರಾರು ಗಟ್ಟಿಯಾಗಿಯೇ ಇದೆ. ಎಪ್ಪತ್ತರ ದಶಕದ ಎಷ್ಟೋ ಪ್ರೇಮಕಾದಂಬರಿಗಳಲ್ಲಿ ಗಂಡಿನ ಬಲಾತ್ಕಾರವನ್ನೇ ಪ್ರೇಮದ ಉತ್ಕಟತೆಯೆಂದು ತೋರಿಸಲಾಗುತ್ತಿತ್ತು. ನೀಲ್ಸ್ ಅವರಲ್ಲಿ ಆ ಕ್ರೌರ್ಯವಿಲ್ಲ, ಅವರ ನಾಯಕರು ಸಭ್ಯರು. ಹಾಗಿದ್ದೂ ಇಲ್ಲಿನ ಅಸಮಾನತೆ ಸಣ್ಣದಲ್ಲ. ಪ್ರೊಫೆಸರನಿಗೆ ಪದವಿಯಿದೆ, ಹಣವಿದೆ, ತನ್ನದೇ ಊರಿನ ಆಸರೆಯಿದೆ. ಇವೆಲ್ಲಕ್ಕಿಂತ ಹೆಚ್ಚಾಗಿ, ತನ್ನ ಮನಸ್ಸನ್ನು ಯಾವಾಗ ತಿಳಿಸಬೇಕೆಂದು ನಿರ್ಧರಿಸುವ ಹಕ್ಕೂ ಅವನೊಬ್ಬನದೇ ಆಗಿದೆ. ಕಥೆ ಬಹುಮಟ್ಟಿಗೆ ಅಡಿಲೇಡಳ ಕಣ್ಣಿನಿಂದಲೇ ಸಾಗುವುದರಿಂದ ಅವಳ ಸಂಕಟ ಪುಟಪುಟಕ್ಕೂ ನಮಗೆ ಕಾಣುತ್ತದೆ, ಅವನ ಒಳಗು ಮಾತ್ರ ಬಹುಕಾಲ ಮುಚ್ಚಿಯೇ ಇರುತ್ತದೆ. ಅಂದಿನ ಓದುಗರಿಗೆ ಕುತೂಹಲವಾಗಿ ರುಚಿಸಿರಬಹುದಾದ ಈ ಮೌನ ಇಂದು ಅನ್ಯಾಯವಾಗಿ ಕಾಣುತ್ತದೆ. ಆಸ್ಪತ್ರೆಯಲ್ಲಿ ಅಷ್ಟು ಚುರುಕಾಗಿ ನಿರ್ಧಾರ ಕೈಗೊಳ್ಳುವವಳು ತನ್ನ ಬದುಕಿನ ಅತಿ ಮುಖ್ಯ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಲಾರಳೆಂಬುದನ್ನು ಒಪ್ಪಲು ನನಗಂತೂ ಕಷ್ಟವಾಯಿತು.

ಶೃಂಗಾರದ ವರ್ಣನೆ ತೀರಾ ಮಿತವಾಗಿದೆ. ಅದೊಂದು ಕೊರತೆಯೆಂದು ನನಗೆ ಅನಿಸಲಿಲ್ಲ. ಇಂಗ್ಲಿಷ್ ಸರಳವಾಗಿದೆ.

ನೀಲ್ಸ್ ಅವರನ್ನು ಓದಬಯಸುವವರು ಈ ಕೃತಿಯಿಂದಲೇ ಆರಂಭಿಸಬಹುದು. ಆದರೆ ಅವರ ಹಲವು ಪುಸ್ತಕಗಳನ್ನು ಒಂದರ ಬೆನ್ನಿಗೊಂದರಂತೆ ಓದಬೇಡಿ: ಶ್ರೀಮಂತ ಡಚ್ ವೈದ್ಯ, ಇಂಗ್ಲಿಷ್ ನರ್ಸ್, ಅನುಕೂಲಕ್ಕಾಗಿ ಆಗುವ ಮದುವೆ ಇವೇ ಮರಳಿ ಮರಳಿ ಬರುತ್ತವೆ. ಗಂಡುಹೆಣ್ಣು ಇಬ್ಬರ ಅಂತರಂಗವನ್ನೂ ಸರಿಸಮನಾಗಿ ತೆರೆದಿಡುವ ಪ್ರೇಮಕಥೆ ಬೇಕೆನ್ನುವವರು ಈಚಿನ ದಶಕಗಳ ಕಾದಂಬರಿಗಳಲ್ಲಿ ಅದನ್ನು ಹುಡುಕುವುದು ಒಳ್ಳೆಯದು.